ಹತ್ತಕ್ಕೆ ಏಳೂವರೆ

ಜಪಾನಿನ ಟಿ.ವಿ. ವಾಹಿನಿಗಳಿಗೆ ವರ್ಷಕ್ಕೆ ನಾಲ್ಕು ಸಲ ಹೆರಿಗೆ: ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್. ಒಂದೊಂದು ಸಲಕ್ಕೂ ಹತ್ತಾರು ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಧಾರಾವಾಹಿಗಳು ಹುಟ್ಟುತ್ತವೆ, ವಾರಕ್ಕೊಂದರಂತೆ ಹನ್ನೆರಡೋ ಹದಿಮೂರೋ ಕಂತು ಬದುಕುತ್ತವೆ, ಆಮೇಲೆ ಮುಂದಿನ ಹೆರಿಗೆಗೆ ಜಾಗ ಬಿಟ್ಟು ಎದ್ದು ಹೋಗುತ್ತವೆ. ಈ ಮೂರು ತಿಂಗಳ ಅವಧಿಯನ್ನು ಅಲ್ಲಿಯವರು ‘ಕೂರು’ ಎನ್ನುತ್ತಾರೆ. ಕನ್ನಡಿಗರಿಗೆ ಈ ಪದದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ತಿಂಗಳು ಕೂತಲ್ಲಿಂದ ಏಳದೆ ಎಲ್ಲವನ್ನೂ ನೋಡಿ, ಹುಟ್ಟಿದ ದಿನ ಜಾತಕವನ್ನೂ ಹದಿಮೂರನೆಯ ವಾರ ತಿಥಿಯ ಲೆಕ್ಕವನ್ನೂ ಬರೆಯುವ ಸೀಸನ್ ವಿಮರ್ಶಕರೆಂಬ ಒಂದು ಪುರೋಹಿತ ವರ್ಗವೇ ಈ ಪದದಿಂದ ಹುಟ್ಟಿಕೊಂಡಿದೆ.

ನನ್ನ ಅಕ್ಕನ ಮಗ ಈ ವರ್ಗಕ್ಕೆ ಸೇರಿದವನು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ ಎಂಬುದು ಮನೆಯವರ ತಿಳಿವಳಿಕೆ. 2024ರ ಮಾರ್ಚ್ ಕೊನೆಯಲ್ಲಿ ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಹಾಳೆಯನ್ನು ತೆರೆದು ತೋರಿಸಿದಾಗ, ಅದರ ಶಿಸ್ತನ್ನು ನೋಡಿ ಇವನು ಕೊನೆಗೂ ಲೆಕ್ಕಪರಿಶೋಧನೆಯ ದಾರಿ ಹಿಡಿದನೆಂದು ನಾನು ಒಂದು ಕ್ಷಣ ಸಂತೋಷಪಟ್ಟೆ. ಅದು ಆ ವರ್ಷದ ಚಳಿಗಾಲದ ಸೀಸನ್ನಿನ ಅಂತಿಮ ವಿಮರ್ಶೆಯಾಗಿತ್ತು. ಕಥೆಗೆ ಒಂದು ಕಾಲಂ, ಚಿತ್ರಣಕ್ಕೆ ಒಂದು, ಸಂಗೀತಕ್ಕೆ ಒಂದು, ‘ಸಂತೋಷ’ಕ್ಕೆ ಒಂದು. ಸಂತೋಷವನ್ನು ದಶಮಾಂಶದ ಒಂದು ಸ್ಥಾನದವರೆಗೆ ಅಳೆಯಲಾಗಿತ್ತು. ಮೂವತ್ತು ಚಿಲ್ಲರೆ ಸಾಲುಗಳಲ್ಲಿ ಹೆಚ್ಚಿನವುಗಳ ಎದುರು 7.5 ಎಂಬ ಒಂದೇ ಅಂಕ ಇತ್ತು.

ಇದೇನೆಂದು ಕೇಳಿದ್ದಕ್ಕೆ ಅವನು ತಾಳ್ಮೆಯಿಂದ ವಿವರಿಸಿದ: “ಹಾಗಲ್ಲ ಮಾವ, ಆರಕ್ಕಿಂತ ಕಡಿಮೆ ಕೊಟ್ರೆ ಅದರ ಫ್ಯಾನ್‌ಗಳು ಬೈತಾರೆ, ಎಂಟೂವರೆ ದಾಟಿದ್ರೆ ಬೇರೆಯವರ ಫ್ಯಾನ್‌ಗಳು ಬೈತಾರೆ.” ಹೀಗೆ ಒಂದರಿಂದ ಹತ್ತರವರೆಗಿನ ಮಾನದಂಡದಲ್ಲಿ ಮನುಷ್ಯ ವಾಸಕ್ಕೆ ಯೋಗ್ಯವಾದ ಜಾಗ ಆರರಿಂದ ಎಂಟೂವರೆಯ ನಡುವಿನ ಓಣಿ ಮಾತ್ರ. ಅದರೊಳಗೆ ಏಳೂವರೆ ಎಂದರೆ ‘ನೋಡಿದ್ದೇನೆ, ಆದರೆ ನೆನಪಿಲ್ಲ’ ಎಂದರ್ಥ. ನಮ್ಮ ಕಡೆ ಶನಿ ಹಿಡಿದರೆ ಏಳೂವರೆ ವರ್ಷ ಬಿಡುವುದಿಲ್ಲವೆನ್ನುತ್ತಾರೆ. ಅನಿಮೆಯನ್ನು ಹಿಡಿದಿರುವುದೂ ಅದೇ ಅಂಕ.

ಶನಿಯ ಮಾತು ಬಂದದ್ದರಿಂದ ಆ ಸೀಸನ್ನಿನ ಅತಿ ದೊಡ್ಡ ಗದ್ದಲದಿಂದಲೇ ಆರಂಭಿಸುವುದು ಕ್ರಮ. ‘ಸೋಲೋ ಲೆವೆಲಿಂಗ್’ ಟೋಕಿಯೋದಲ್ಲಿ ಪ್ರಸಾರವಾಗುತ್ತಿದ್ದದ್ದು ಶನಿವಾರ ಇಪ್ಪತ್ತನಾಲ್ಕು ಗಂಟೆಗೆ. ಲೋಕದ ಉಳಿದ ಭಾಗದಲ್ಲಿ ಇದನ್ನು ಭಾನುವಾರದ ಸೊನ್ನೆ ಗಂಟೆ ಎನ್ನುತ್ತಾರೆ. ಆದರೆ ಜಪಾನಿನ ವಾಹಿನಿಗಳ ಪಂಚಾಂಗದಲ್ಲಿ ದಿನವು ನಡುರಾತ್ರಿಗೆ ಮುಗಿಯುವುದಿಲ್ಲ. ಇಪ್ಪತ್ತೈದೂವರೆ ಗಂಟೆಯೆಂದು ಮುದ್ರಿಸಿದರೆ ನಸುಕಿನ ಒಂದೂವರೆ ಎಂದು ವೀಕ್ಷಕನು ಕಳೆದು ತಿಳಿದುಕೊಳ್ಳಬೇಕು. ದಿನವನ್ನೇ ಮುಗಿಸಲೊಪ್ಪದ ಈ ಉದ್ಯಮದಿಂದ ಕಥೆಯ ಮುಕ್ತಾಯವನ್ನು ನಿರೀಕ್ಷಿಸಿದ್ದು ವಿಮರ್ಶಕರ ಮೊದಲ ತಪ್ಪು.

ಕೊರಿಯಾದ ವೆಬ್ ಕಾದಂಬರಿಯಿಂದ ವೆಬ್‌ಟೂನ್ ಎಂಬ ಜಾಲದ ಚಿತ್ರಕಥೆಯಾಗಿ, ಅಲ್ಲಿಂದ ಜಪಾನಿನ ಎ-1 ಪಿಕ್ಚರ್ಸ್ ಸ್ಟುಡಿಯೋ ಕೈಯಲ್ಲಿ ಅನಿಮೆಯಾದ ಈ ಕಥೆಯ ನಾಯಕ ಸುಂಗ್ ಜಿನ್‌ವೂ, ರಾಕ್ಷಸರನ್ನು ಬೇಟೆಯಾಡುವವರ ಪೈಕಿ ಅತ್ಯಂತ ದುರ್ಬಲ. ಅವನಿಗೊಬ್ಬನಿಗೇ ಕಾಣುವ ಒಂದು ಪರದೆ ದಿನವೂ ನೂರು ದಂಡ, ನೂರು ಬೈಠಕ್, ಹೊಟ್ಟೆಯ ಕಸರತ್ತು ನೂರು ಮತ್ತು ಹತ್ತು ಕಿಲೋಮೀಟರ್ ಓಟ ವಿಧಿಸುತ್ತದೆ. ನಮ್ಮ ಗರಡಿಮನೆಯ ಉಸ್ತಾದರು ತಲೆಮಾರುಗಳಿಂದ ಪರದೆಯ ನೆರವಿಲ್ಲದೆಯೇ ಇದನ್ನು ಹೇಳುತ್ತಾ ಬಂದಿದ್ದಾರೆ, ಯಾರೂ ಅದಕ್ಕೆ ಅಂಕ ಕೊಟ್ಟಿಲ್ಲ. ಏಳು ಕಂತು ಮುಗಿದ ಮೇಲೆ, ವೀಕ್ಷಕರು ಏಳು ವಾರದ ಹಿಂದಿನದನ್ನು ಮರೆತಿರಬಹುದೆಂಬ ಕಳಕಳಿಯಿಂದ ನಿರ್ಮಾಪಕರು ಹಳೆಯ ದೃಶ್ಯಗಳನ್ನೇ ಜೋಡಿಸಿ ಒಂದು ಕಂತು ಮಾಡಿದರು. ಅದಕ್ಕೆ ಅವರಿತ್ತ ಸಂಖ್ಯೆ, ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ಏಳೂವರೆ. ನನ್ನ ಅಳಿಯನ ಹಾಳೆಯಲ್ಲಿ ಏಳೂವರೆಯ ಕಂತಿಗೂ ಏಳೂವರೆ ಅಂಕ ಬಿದ್ದಿದೆ.

ಅವನು ಇದನ್ನು ನೋಡಿದ ಬಗೆಯನ್ನೂ ಹೇಳಬೇಕು. ಈ ಧಾರಾವಾಹಿಗೆ ಭಾರತದಲ್ಲಿ ಹಿಂದಿ, ತಮಿಳು ಮತ್ತು ತೆಲುಗು ಡಬ್ಬಿಂಗ್ ಬಂತು, ಕನ್ನಡದ್ದು ಬರಲಿಲ್ಲ. ದಶಕಗಳ ಕಾಲ ಡಬ್ಬಿಂಗ್ ಎಂಬ ಭೂತವನ್ನು ಗಡಿಯಲ್ಲೇ ತಡೆದು ನಿಲ್ಲಿಸಿದ ನಾಡು ನಮ್ಮದು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಹಾಗೆ ತಡೆಯುವುದು ಸಲ್ಲದೆಂದು ಆದೇಶಿಸುವ ಹೊತ್ತಿಗೆ ಭೂತವೇ ನಮ್ಮ ವಿಳಾಸವನ್ನು ಮರೆತಿತ್ತು. ಹೀಗಾಗಿ ಕೊರಿಯಾದ ಕಥೆಯನ್ನು, ಜಪಾನಿನ ಚಿತ್ರದಲ್ಲಿ, ತೆಲುಗಿನ ಮಾತಿನೊಂದಿಗೆ, ಇಂಗ್ಲಿಷಿನ ಅಡಿಬರಹ ಓದುತ್ತಾ ನೋಡಿದ ನಮ್ಮ ಹುಡುಗ, ಭಾಷೆ ಚೆನ್ನಾಗಿಲ್ಲವೆಂದು ಅರ್ಧ ಅಂಕ ಕಳೆದಿದ್ದಾನೆ. ಯಾವ ಭಾಷೆಯೆಂಬುದನ್ನು ಹಾಳೆಯಲ್ಲಿ ನಮೂದಿಸಿಲ್ಲ.

ಹೆಸರುಗಳ ವಿಷಯಕ್ಕೆ ಬರೋಣ. ಅದೇ ಚಳಿಗಾಲದಲ್ಲಿ ಬಂದ ಒಂದು ಧಾರಾವಾಹಿಯ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳುವುದಾದರೆ, ‘ಬಲಾಢ್ಯ ಟ್ಯಾಂಕ್ ವೀರನ ಪಾತಾಳ ವಿಜಯ: ದೇಹಬಲ 9999ರ ಅಪರೂಪದ ವಿದ್ಯೆಯುಳ್ಳವನು ನಾಯಕನ ತಂಡದಿಂದ ಹೊರದಬ್ಬಲ್ಪಟ್ಟದ್ದು’. ಇಲ್ಲಿ ಟ್ಯಾಂಕ್ ಎಂದರೆ ತಂಡದ ಏಟನ್ನೆಲ್ಲ ತಾನೇ ತಿನ್ನುವವನು. ಇನ್ನೊಂದರಲ್ಲಿ ನಾಯಕಿ ಸತ್ತು ಸತ್ತು ಏಳನೆಯ ಬಾರಿ ಬದುಕನ್ನು ಆರಂಭಿಸಿ, ಹಿಂದಿನ ಸುತ್ತಿನಲ್ಲಿ ತನ್ನನ್ನು ಕೊಂದವನನ್ನೇ ಮದುವೆಯಾಗಿ, ನಿಶ್ಚಿಂತೆಯಿಂದ ಸಂಸಾರ ಮಾಡಲು ಹೊರಡುತ್ತಾಳೆ. ಇದರ ಬಹುಪಾಲು ಶೀರ್ಷಿಕೆಯಲ್ಲಿಯೇ ಇದೆ. ಏಳೇಳು ಜನ್ಮದ ನಂಟು ಎಂಬ ಮಾತನ್ನು ಗಾದೆಯಾಗಿ ಬಳಸಿದ ನಮಗೆ ಅದನ್ನು ಕಂತುಗಳಾಗಿ ಮಾರಬಹುದೆಂದು ಹೊಳೆಯಲಿಲ್ಲ. ಈ ಉದ್ದಕ್ಕೆ ಕಾರಣವಿದೆ. ಈ ಬಗೆಯ ಕಥೆಗಳಲ್ಲಿ ಬಹಳಷ್ಟು ಮೊದಲು ಹುಟ್ಟುವುದು ‘ಶೋಸೆತ್ಸುಕಾ ನಿ ನಾರೋ’, ಅಂದರೆ ‘ಕಾದಂಬರಿಕಾರರಾಗೋಣ’ ಎಂಬ ಜಾಲತಾಣದಲ್ಲಿ. ಅಲ್ಲಿ ಲೆಕ್ಕವಿಲ್ಲದಷ್ಟು ಕಥೆಗಳ ಪಟ್ಟಿಯಲ್ಲಿ ಓದುಗನ ಕಣ್ಣಿಗೆ ಬೀಳುವುದು ಶೀರ್ಷಿಕೆಯೊಂದೇ ಆದ್ದರಿಂದ, ಬರೆಯುವವರು ಮುನ್ನುಡಿ, ಕಥಾಸಾರ ಮತ್ತು ಬೆನ್ನುಡಿಗಳನ್ನು ಅದರೊಳಗೇ ತುರುಕುತ್ತಾರೆ. ಶೀರ್ಷಿಕೆಯನ್ನು ಓದಿದವನು ಕಥೆಯನ್ನೂ ಓದಿದಂತೆಯೇ. ಕೆಲವು ವಿಮರ್ಶೆಗಳನ್ನು ನೋಡಿದರೆ ಬರೆದವರು ಅಷ್ಟಕ್ಕೇ ನಿಲ್ಲಿಸಿದ್ದು ತಿಳಿಯುತ್ತದೆ.

ಅಷ್ಟಕ್ಕೇ ನಿಲ್ಲಿಸುವುದಕ್ಕೆ ಶಾಸ್ತ್ರದ ಆಧಾರವೂ ಉಂಟು, ಅದೇ ಮೂರು ಕಂತಿನ ನಿಯಮ. ಮೂರು ಕಂತು ನೋಡಬೇಕು, ಹಿಡಿಸದಿದ್ದರೆ ಕೈಬಿಡಬೇಕು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕೆಂಬುದು ನಮ್ಮವರ ಅನುಭವ. ಆದರೆ ಅಗುಳನ್ನು ಹಿಸುಕಿ ನೋಡಿದವರು ಊಟದ ವರ್ಣನೆ ಬರೆಯುತ್ತಿರಲಿಲ್ಲ. ‘ಬ್ರೇವರ್ನ್’ ಎಂಬ ಧಾರಾವಾಹಿಗೆ ಮೂರು ಕಂತೂ ಬೇಕಾಗಲಿಲ್ಲ. ಗಂಭೀರ ಸೈನಿಕ ಕಥೆಯೆಂದು ನಂಬಿಸಿ ಕೂರಿಸಿದ ಅದರ ಮೊದಲ ಕಂತಿನ ಕೊನೆಯಲ್ಲಿ ಆಕಾಶದಿಂದಿಳಿದ ಒಂದು ದೈತ್ಯ ರೋಬೋ, ಸೈನಿಕನೊಬ್ಬನನ್ನು ತನ್ನೊಳಗೆ ಹತ್ತಿಸಿಕೊಂಡು, ತನ್ನದೇ ಹೆಸರನ್ನು ಕೂಗುತ್ತಾ, ತನ್ನದೇ ಗುಣಗಾನದ ಹಾಡಿನ ಹಿಮ್ಮೇಳದಲ್ಲಿ ಯುದ್ಧ ಮಾಡುತ್ತದೆ. ನಮ್ಮಲ್ಲಿ ಇಂಥ ಪ್ರವೇಶ ಚುನಾವಣಾ ಪ್ರಚಾರದ ತೆರೆದ ವಾಹನದಲ್ಲಿ ಆಗುತ್ತದೆ. ಆದ್ದರಿಂದ ನನಗೆ ಹೊಸದೆನಿಸಲಿಲ್ಲ, ಆದರೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ‘ಮ್ಯಾಶ್ಲ್’ ಎರಡನೆಯ ಸೀಸನ್ನಿನ ಬಗ್ಗೆ ಹೆಚ್ಚು ಹೇಳುವುದು ಬೇಡ. ಅದರ ಒಂದೂವರೆ ನಿಮಿಷದ ಆರಂಭಗೀತೆ ಎಷ್ಟು ಕುಣಿಸಿತೆಂದರೆ ಉಳಿದ ಇಪ್ಪತ್ತು ಚಿಲ್ಲರೆ ನಿಮಿಷಗಳು ಹಾಡಿಗೆ ಹಾಕಿದ ಅಡಿಟಿಪ್ಪಣಿಯಂತಾದವು. ಬೋನ್ಸ್ ಸ್ಟುಡಿಯೋ ತನ್ನ ಇಪ್ಪತ್ತೈದನೆಯ ವರ್ಷದ ನೆನಪಿಗೆ ಮಾಡಿದ ‘ಮೆಟಾಲಿಕ್ ರೂಜ್’ ಸ್ವತಂತ್ರ ಕಥೆಯಾದ್ದರಿಂದ, ಮುಂದೇನಾಗುತ್ತದೆಂದು ಪಿಸುಗುಟ್ಟಲು ಮೂಲ ಮಾಂಗಾ, ಅಂದರೆ ಚಿತ್ರಕಥೆಯ ಪುಸ್ತಕ ಓದಿದ ಬಲ್ಲಿದರಾರೂ ಇರಲಿಲ್ಲ, ಮತ್ತು ಎಲ್ಲರೂ ಸರಿಸಮಾನವಾಗಿ ಗೊಂದಲಗೊಂಡ ಈ ಅಪೂರ್ವ ಸಮಾನತೆಯನ್ನು ವಿಮರ್ಶಕರು ದೋಷವೆಂದು ಬರೆದುಕೊಂಡರು.

ಈಗ ‘ಮುಗಿದ’ ಎಂಬ ಪದದ ವಿಚಾರ. ‘ಡಂಜನ್ ಮೇಶಿ’ಯಲ್ಲಿ ಪಾತಾಳಕ್ಕಿಳಿದ ಸಾಹಸಿಗಳು ತಮ್ಮಲ್ಲೊಬ್ಬನ ತಂಗಿಯನ್ನು ನುಂಗಿದ ಕೆಂಪು ಡ್ರ್ಯಾಗನ್ನನ್ನು ಹುಡುಕುತ್ತಾ, ಕೈಯಲ್ಲಿ ಕಾಸಿಲ್ಲದ ಕಾರಣ ದಾರಿಯಲ್ಲಿ ಸಿಕ್ಕ ರಾಕ್ಷಸ ಜೀವಿಗಳನ್ನೇ ಅಡುಗೆ ಮಾಡಿಕೊಂಡು ತಿನ್ನುತ್ತಾರೆ. ಮೊದಲ ದಿನ ದೊಡ್ಡ ಚೇಳನ್ನೂ ನಡೆದಾಡುವ ಅಣಬೆಯನ್ನೂ ಕೊಚ್ಚಿ ಒಂದೇ ಪಾತ್ರೆಯಲ್ಲಿ ಕುದಿಸುತ್ತಾರೆ. ಗಡ್ಡದ ಕುಳ್ಳ ಅಡುಗೆಭಟ್ಟ ಸೆನ್ಶಿ, ಚೇಳಿನ ಯಾವ ಭಾಗವನ್ನು ತೆಗೆದೆಸೆಯಬೇಕೆಂದು ಮದುವೆಮನೆಯ ಭಟ್ಟರ ಗತ್ತಿನಲ್ಲಿ ಹೇಳಿಕೊಡುತ್ತಾನೆ. ಇದು ಒಟ್ಟು ಇಪ್ಪತ್ನಾಲ್ಕು ಕಂತುಗಳ ಊಟ. ಜನವರಿ 4ರಂದು ಎಲೆ ಹಾಕಿದವರು ಕೈ ತೊಳೆದದ್ದು ಜೂನ್ 13ರಂದು. ಸೀಸನ್ನಿನ ವಿಮರ್ಶಕರು ಸಾರು ಬಡಿಸುತ್ತಿರುವಾಗಲೇ ಮಾರ್ಚ್ ಬಂತೆಂದು ಎದ್ದುನಿಂತು, ಪಾಯಸ ಹೇಗಿತ್ತೆಂದು ಬರೆದರು. ಜೂನ್ 13ರಂದು ಊಟ ಮುಗಿಯಿತೆನ್ನುವಷ್ಟರಲ್ಲಿ ಎರಡನೆಯ ಪಂಕ್ತಿಯ ಘೋಷಣೆಯೂ ಆಯಿತು.

ಈ ಘೋಷಣೆಗಳೇ ನಿಜವಾದ ಮುಕ್ತಾಯ ದೃಶ್ಯಗಳು. ಮಾರ್ಚ್ 24ರಂದು ‘ಅಪೋಥಿಕರಿ ಡೈರೀಸ್’ ಮುಗಿಯಿತು, ಒಡನೆಯೇ ಮುಂದಿನ ಭಾಗ ಪ್ರಕಟವಾಯಿತು. ಒಂದು ವಾರ ಕಳೆದು ‘ಸೋಲೋ ಲೆವೆಲಿಂಗ್’ ಅದನ್ನೇ ಮಾಡಿತು. ಆಟ ಮುಗಿದು ಭಾಗವತರು ಮಂಗಳ ಹಾಡಿ, ಪ್ರೇಕ್ಷಕರು ಚಾಪೆ ಮಡಚುತ್ತಿರುವಾಗ ಚೌಕಿಯಲ್ಲಿ ಮತ್ತೆ ಗಣಪತಿ ಪೂಜೆಯ ಜಾಗಟೆ ಕೇಳಿದಂತೆ. ಇದರಲ್ಲಿ ರಹಸ್ಯವೇನೂ ಇಲ್ಲ. ಅನಿಮೆಗೆ ಹಣ ಹಾಕುವುದು ಪ್ರಕಾಶಕರು, ಧ್ವನಿಮುದ್ರಿಕೆ ಕಂಪನಿ, ಜಾಹೀರಾತು ಸಂಸ್ಥೆ ಮುಂತಾದವರೆಲ್ಲ ಸೇರಿದ ನಿರ್ಮಾಣ ಸಮಿತಿ. ಪುಸ್ತಕ ಮಾರಬೇಕಾದವನಿಗೆ ಕಥೆ ಅರ್ಧದಲ್ಲಿ ನಿಲ್ಲುವುದೇ ಲಾಭ, ಗೊಂಬೆ ಮಾರಬೇಕಾದವನಿಗೆ ನಿಲ್ಲದಿರುವುದೇ ಲಾಭ. ಚಿತ್ರ ಬಿಡಿಸಿದ ಸ್ಟುಡಿಯೋಗೆ ಸಾಮಾನ್ಯವಾಗಿ ದಕ್ಕುವುದು ಮೊದಲೇ ಗೊತ್ತುಮಾಡಿದ ಕೂಲಿ. ಜಾಹೀರಾತಿಗೆ ಅಂತ್ಯ ಸಮರ್ಪಕವಾಗಿಲ್ಲವೆಂದು ಅಂಕ ಕಳೆಯುವವರನ್ನು ನಾನು ಇಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ.

ಇದೆಲ್ಲದರ ನಡುವೆ ‘ಫ್ರೀರೆನ್’ ಒಂದು ವಿಚಿತ್ರ ಅಪವಾದ. ಸಾವಿರ ವರ್ಷ ದಾಟಿದ ಒಬ್ಬ ಮಾಂತ್ರಿಕಳು, ಮೂವರು ಸಂಗಾತಿಗಳೊಂದಿಗೆ ಹತ್ತು ವರ್ಷ ಅಲೆದು ದೈತ್ಯರಾಜನನ್ನು ಕೊಂದಿದ್ದಾಳೆ. ಅವಳ ಲೆಕ್ಕದಲ್ಲಿ ಹತ್ತು ವರ್ಷವೆಂದರೆ ಒಂದು ಮಧ್ಯಾಹ್ನದ ನಿದ್ದೆ. ಐವತ್ತು ವರ್ಷದ ಮೇಲೆ ಆ ತಂಡದ ನಾಯಕ ಹಿಮ್ಮೆಲ್ ಮುದುಕನಾಗಿ ತೀರಿಕೊಂಡಾಗ, ಮಣ್ಣಿನ ಬಳಿ ನಿಂತ ಅವಳಿಗೆ ಈ ಮನುಷ್ಯನನ್ನು ಅರಿಯಲು ತಾನು ಪ್ರಯತ್ನಿಸಲೇ ಇಲ್ಲವೆಂಬುದು ಹೊಳೆದು ಅಳು ಬರುತ್ತದೆ. ಆಮೇಲಿನ ಇಡೀ ಕಥೆ ಆ ತಡವಾದ ಅರಿವಿನ ಬೆನ್ನು ಹತ್ತಿದ ನಿಧಾನದ ನಡಿಗೆ. ಅವಸರದಲ್ಲಿ ಯಾರನ್ನೂ ಅಳೆಯಬಾರದೆಂಬುದನ್ನು ಇಪ್ಪತ್ತೆಂಟು ಕಂತುಗಳಲ್ಲಿ ಸಾವಧಾನವಾಗಿ ಹೇಳುವ ಈ ಧಾರಾವಾಹಿಯನ್ನು, ಪ್ರಸಾರ ಮುಗಿಯುವ ಮೊದಲೇ ‘ಮೈ ಅನಿಮೆ ಲಿಸ್ಟ್’ ತಾಣದ ಮತದಾರರು ಜಗತ್ತಿನ ಸಾರ್ವಕಾಲಿಕ ಅತ್ಯುತ್ತಮ ಅನಿಮೆಯೆಂದು ಮೊದಲ ಸ್ಥಾನಕ್ಕೇರಿಸಿದರು. ವರ್ಷಗಳ ಕಾಲ ಆ ಪೀಠದಲ್ಲಿದ್ದ ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ನ ಭಕ್ತರು ಇದರ ಮೇಲೆ ಹತ್ತಕ್ಕೆ ಒಂದು ಅಂಕದ ಕಲ್ಲು ತೂರಿದ್ದು ನಿರೀಕ್ಷಿತವೇ ಆಗಿತ್ತು. ಫ್ರೀರೆನ್‌ಗೆ ಹಳ್ಳಿ ಹಳ್ಳಿಯಲ್ಲಿ ಉಪಯೋಗಕ್ಕೆ ಬಾರದ ಮಂತ್ರಗಳನ್ನು ಸಂಗ್ರಹಿಸುವ ಗೀಳು. ಅವುಗಳಲ್ಲಿ ಸಿಹಿ ದ್ರಾಕ್ಷಿಯನ್ನು ಹುಳಿಯಾಗಿಸುವ ಮಂತ್ರವೂ ಒಂದು. ಆ ಮಂತ್ರಕ್ಕಾಗಿ ಅವಳು ಊರೂರು ತಿರುಗುವ ಅಗತ್ಯವಿರಲಿಲ್ಲ, ಈ ತಾಣದ ವಿಮರ್ಶೆಯ ವಿಭಾಗಕ್ಕೆ ಬಂದಿದ್ದರೆ ಸಾಕಿತ್ತು.

ಮತ್ತೊಂದು ಸ್ವಾರಸ್ಯ 2025ರ ಮೇ ತಿಂಗಳಿನದು. ಅನಿಮೆಗಳನ್ನು ಜಾಲದಲ್ಲಿ ಬಿತ್ತರಿಸುವ ಕ್ರಂಚಿರೋಲ್ ಸಂಸ್ಥೆ ಟೋಕಿಯೋದಲ್ಲಿ ವರ್ಷದ ಅತ್ಯುತ್ತಮ ಅನಿಮೆ ಪ್ರಶಸ್ತಿಯನ್ನು ಘೋಷಿಸಿದಾಗ, ಸಾರ್ವಕಾಲಿಕ ಅತ್ಯುತ್ತಮವೆನಿಸಿದ ‘ಫ್ರೀರೆನ್’ ಕಣದಲ್ಲಿದ್ದೂ ಗೆದ್ದದ್ದು ‘ಸೋಲೋ ಲೆವೆಲಿಂಗ್’. ಎಲ್ಲ ಕಾಲಕ್ಕೂ ಮೊದಲಿಗನಾದವನು ಒಂದು ವರ್ಷದ ಮಟ್ಟಿಗೆ ಸೋತ ಈ ಗಣಿತವನ್ನು ಅಳಿಯನೂ ಬಿಡಿಸಲಾರ. ಮೊದಲ ಸೀಸನ್ನಿಗೆ ಸಂದ ಆ ಬಹುಮಾನ ಕೈಗೆ ಬರುವಷ್ಟರಲ್ಲಿ ಎರಡನೆಯ ಸೀಸನ್ನೂ ಪ್ರಸಾರವಾಗಿ, ವಿಮರ್ಶೆಯಾಗಿ, ಅಂಕ ಪಡೆದು ಹಾಳೆಯಲ್ಲಿ ಕೆಳಗೆ ಸರಿದಿತ್ತು.

2024ರ ಮಾರ್ಚ್ 22ರಂದು ‘ಫ್ರೀರೆನ್’ನ ಕೊನೆಯ ಕಂತು ಬಂತು. ಅದರಲ್ಲಿ ದೊಡ್ಡ ಯುದ್ಧವಿಲ್ಲ. ಪರೀಕ್ಷೆ ಮುಗಿಸಿದ ಮಾಂತ್ರಿಕರು ಪಟ್ಟಣದಿಂದ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ, ಮತ್ತು ಫ್ರೀರೆನ್ ಹೆಚ್ಚು ಮಾತಿಲ್ಲದೆ ಹೊರಟುಬಿಡುತ್ತಾಳೆ. ಕಣ್ಣೀರಿನ ಬೀಳ್ಕೊಡುಗೆ ಬೇಡವೆಂದು ಹಿಂದೊಮ್ಮೆ ಹಿಮ್ಮೆಲ್ ಹೇಳಿದ್ದ ಕಾರಣ ಅವಳಿಗೆ ನೆನಪಿದೆ: ಮುಂದೆ ಮತ್ತೆ ಎದುರಾದಾಗ ಮುಜುಗರವಾಗುತ್ತದಲ್ಲ. ಅದೇ ವಾರ ಪ್ರಕಟವಾದ ವಿದಾಯ ಲೇಖನಗಳನ್ನು ಅಳಿಯ ನನಗೆ ಓದಿ ಹೇಳಿದ. ಒಬ್ಬರು ಇಂಥದು ಇನ್ನೆಂದೂ ಬಾರದೆಂದು ಬರೆದಿದ್ದರು, ಇನ್ನೊಬ್ಬರು ಇನ್ನು ಅನಿಮೆ ನೋಡುವುದನ್ನೇ ಬಿಡುವುದಾಗಿ ಪ್ರತಿಜ್ಞೆ ಮಾಡಿದ್ದರು.

2026ರ ಜನವರಿಯಲ್ಲಿ ‘ಫ್ರೀರೆನ್’ ಎರಡನೆಯ ಸೀಸನ್ ಆರಂಭವಾಯಿತು. ಮೊದಲ ಕಂತು ಬಂದ ಮರುದಿನ ಅಳಿಯನಿಗೆ ಫೋನ್ ಮಾಡಿ ಹೇಗಿದೆಯೆಂದು ಕೇಳಿದೆ.

“ಇನ್ನೂ ಎರಡು ಬರಲಿ ಮಾವ,” ಎಂದ, “ಸದ್ಯಕ್ಕೆ ಏಳೂವರೆ ಅಂತ ಹಾಕಿದೀನಿ.”