ಸತ್ಯಾಂಶ: 220ರಲ್ಲಿ ವಯಸ್ಸು ಕಳೆದರೆ ಸಿಗುವುದು ಅಪಾಯದ ಗೆರೆಯಲ್ಲ

‘220ರಲ್ಲಿ ನಿಮ್ಮ ವಯಸ್ಸು ಕಳೆಯಿರಿ. ಎದೆಬಡಿತ ಅದನ್ನು ದಾಟಿದರೆ ಹಾರ್ಟ್ ಅಟ್ಯಾಕ್ ಗ್ಯಾರಂಟಿ.’ ಈ ಮೆಸೇಜ್ ನಿಮಗೂ ಬಂದಿರಬಹುದು. ಇದು ನಿಜವಲ್ಲ.

ಮೊನ್ನೆ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಏರಿನಲ್ಲಿ 60 ವರ್ಷದ ಕಾಕಾ ಒಬ್ಬರು ವಾಚ್ ನೋಡಿ ಗಕ್ಕನೆ ನಿಂತರು. 163 ಅಂತ ತೋರಿಸುತ್ತಿತ್ತು. ಎದೆನೋವಿಲ್ಲ, ತಲೆಸುತ್ತಿಲ್ಲ. ಮೆಸೇಜಿನ ಲೆಕ್ಕದಲ್ಲಿ 160 ದಾಟಿತ್ತು ಅಷ್ಟೇ. ಪಾಪ, ಮುಖವೆಲ್ಲ ಬೆವರಿತ್ತು.

ಆ ಸೂತ್ರ 1970ರ ದಶಕದಿಂದ ಬಳಕೆಯಲ್ಲಿದೆ. ಆ ವಯಸ್ಸಿನಲ್ಲಿ ಎದೆಬಡಿತ ನಿಮಿಷಕ್ಕೆ ಗರಿಷ್ಠ ಎಷ್ಟು ಏರಬಹುದು ಅನ್ನುವುದರ ಬರೀ ಸರಾಸರಿಯ ಅಂದಾಜು ಅದು. ಒಂದೇ ವಯಸ್ಸಿನವರಲ್ಲೂ 10-12 ಬಡಿತ ಹೆಚ್ಚುಕಮ್ಮಿ ಇರುವುದು ಸಹಜ. 2001ರಲ್ಲಿ ಬಂದ ಇನ್ನೊಂದು ಲೆಕ್ಕವಿದೆ: ವಯಸ್ಸನ್ನು 0.7ರಿಂದ ಗುಣಿಸಿ, 208ರಲ್ಲಿ ಕಳೆಯಬೇಕು. 40ರಲ್ಲಿ ಎರಡೂ ಲೆಕ್ಕಕ್ಕೆ 180 ಬರುತ್ತದೆ. ಕಾಕಾ ಅವರ ವಯಸ್ಸಿಗೆ ಮಾತ್ರ ಹೊಸ ಲೆಕ್ಕದಲ್ಲಿ 166! ಹಳೇ ಸೂತ್ರ ವಯಸ್ಸಾದವರಿಗೆ ಕಡಿಮೆ ತೋರಿಸುತ್ತದೆ.

ವಯಸ್ಸಾದಂತೆ ಗರಿಷ್ಠ ಬಡಿತ ಇಳಿಯುವುದಂತೂ ನಿಜ. ಹೃದಯಕ್ಕೆ ತಾಳ ಹಾಕಿಕೊಡುವ ಸಣ್ಣ ಗಂಟೊಂದಿದೆ. ಅದರ ವೇಗ ತಗ್ಗುತ್ತದೆ, ಅಡ್ರಿನಲಿನ್‌ಗೆ ಹೃದಯ ಮೊದಲಿನಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ. ವ್ಯಾಯಾಮದಿಂದ ಈ ಇಳಿಕೆ ನಿಲ್ಲದು. ಆದರೆ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ಹೋಗುತ್ತದೆ, ಲಾಭ ಅಲ್ಲೇ ಇದೆ.

ಬಿಪಿಗೆ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ, ಎದೆಬಡಿತ ತಗ್ಗಿಸುವ ಮಾತ್ರೆ ತಗೊಳ್ಳುವವರಿಗೆ ಎರಡೂ ಲೆಕ್ಕ ಹೊಂದುವುದಿಲ್ಲ. ಅವರು ಡಾಕ್ಟರನ್ನೇ ಕೇಳಬೇಕು. ನಡೆಯುವಾಗ ಎದೆ ಹಿಂಡಿದಂತಾದರೆ, ನೋವು ದವಡೆಗೋ ತೋಳಿಗೋ ಹರಿದರೆ, ಕಣ್ಣು ಕತ್ತಲೆ ಬಂದರೆ ವಾಚ್ ಎಷ್ಟೇ ತೋರಿಸಲಿ, ಅಲ್ಲೇ ನಿಲ್ಲಿ. ತಡಮಾಡದೆ ಆಸ್ಪತ್ರೆಗೆ ಹೋಗಿ.