ಮೇಷ್ಟ್ರು ಕೂರುವ ಜಾಗ

ನಮ್ಮೂರ ಕುರುಕ್ಷೇತ್ರ ನಾಟಕದಲ್ಲಿ ನಾನು ವಿದುರ. ಇದನ್ನು ಹೇಳಿದ ಕೂಡಲೇ ಬೆಂಗಳೂರಿನ ಗೆಳೆಯರು "ಓಹೋ, ಆ್ಯಕ್ಟಿಂಗ್ ಬೇರೆ ಬರುತ್ತಾ?" ಅಂತಾರೆ. ಬರುವುದಿಲ್ಲ. ವಿದುರನ ಪಾತ್ರ ಉಳಿದಿತ್ತು, ಅದರ ರೇಟು ಕಮ್ಮಿ ಇತ್ತು, ಅಷ್ಟೇ.

ರೇಟು ಅಂದೆನಲ್ಲ, ಅದು ಗೊತ್ತಿಲ್ಲದವರಿಗೆ ಒಂದು ಮಾತು. ಕುಣಿಗಲ್, ಮಾಗಡಿ, ಮದ್ದೂರು, ತುಮಕೂರು ಕಡೆಯ ಊರುಗಳಲ್ಲಿ ಪೌರಾಣಿಕ ನಾಟಕ ಆಡುವವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಆಡುವವನೇ ದುಡ್ಡು ಕಟ್ಟಿ ಪಾತ್ರ ತಗೊಳ್ಳಬೇಕು. ಸೀನರಿ ಬಾಡಿಗೆ, ಮೇಕಪ್ಪು, ಲೈಟು, ಮೈಕು, ಹೆಣ್ಣು ಪಾತ್ರದವರ ಸಂಭಾವನೆ ಎಲ್ಲ ಅದರಲ್ಲೇ ಆಗಬೇಕು. ದುರ್ಯೋಧನ ಎಲ್ಲರಿಗಿಂತ ದುಬಾರಿ. ಆಮೇಲೆ ಕೃಷ್ಣ. ಭೀಮನಿಗೂ ಒಳ್ಳೆ ಡಿಮ್ಯಾಂಡು. ನಕುಲ ಸಹದೇವರು ಚಿಲ್ಲರೆ ಲೆಕ್ಕ. ಕೃಷ್ಣ ಆಗುತ್ತೇನೆ ಅಂತ ಮೂವರು ಬಂದರೆ ಯಾರಿಗೂ ಇಲ್ಲ ಅನ್ನೋದಿಲ್ಲ, ಸೀನು ಹಂಚಿ ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ ಅಂತ ಮಾಡಿಬಿಡುತ್ತಾರೆ. ಹೋದ ಸಲ ಸಂಧಾನಕ್ಕೆ ಬಂದ ಕೃಷ್ಣ ಕಡ್ಡಿಯ ಹಾಗಿದ್ದ, ಗೀತೋಪದೇಶದ ಹೊತ್ತಿಗೆ ಅವನಿಗೆ ಭರ್ತಿ ಹೊಟ್ಟೆ ಬಂದಿತ್ತು. ಜನ ಏನೂ ಅಂದುಕೊಳ್ಳಲಿಲ್ಲ. ಎಲ್ಲ ನಮ್ಮ ಮನೆಯ ಒಂದು ಕುಡಿತೆ ಹಾಲಿನ ಮಹಿಮೆ ಅಂತ ವಿದುರನಾದ ನಾನು ಮಾತ್ರ ಸೈಡ್ ವಿಂಗಲ್ಲಿ ನಿಂತು ಅಂದುಕೊಂಡೆ.

ನಾನು ಹೇಳೋಕೆ ಹೊರಟಿದ್ದು ನಮ್ಮ ಹಾರ್ಮೋನಿಯಂ ಮೇಷ್ಟ್ರ ವಿಷಯ. ಹ್ಯಾಂಡ್‌ಬಿಲ್ಲಿನಲ್ಲಿ ಅವರ ಫೋಟೋ ಕೆಳಗೆ "ಹಾರ್ಮೋನಿಯಂ ಹಾಗೂ ನಿರ್ದೇಶನ" ಅಂತ ಇರುತ್ತದೆ. ಎಷ್ಟೋ ವರ್ಷ ನಾನು ಆ "ಹಾಗೂ" ಕಡೆ ಗಮನ ಕೊಟ್ಟಿರಲಿಲ್ಲ. ಒಬ್ಬರೇ ಎರಡು ಕೆಲಸ ಮಾಡಿದರೆ ಖರ್ಚು ಉಳಿಯುತ್ತದೆ, ಅದಕ್ಕೇ ಇರಬೇಕು ಅಂದುಕೊಂಡಿದ್ದೆ.

ಮೂರು ತಿಂಗಳು ರಾತ್ರಿ ಊಟ ಆದ ಮೇಲೆ ದೇವಸ್ಥಾನದ ಜಗಲಿಯಲ್ಲಿ ಪ್ರಾಕ್ಟೀಸು. ಹಗಲೆಲ್ಲ ಹೊಲ, ಡೇರಿ, ಆಟೋ, ಗಾರ್ಮೆಂಟ್ಸ್ ಅಂತ ಸುತ್ತಿದವರು ಹತ್ತು ಗಂಟೆಗೆ ಕೌರವರಾಗಿ ಪಾಂಡವರಾಗಿ ಬಂದು ಕೂರುತ್ತಿದ್ದರು. ಮೊದಲನೇ ದಿನ ಮೇಷ್ಟ್ರು ಒಬ್ಬೊಬ್ಬರ ಹತ್ತಿರವೂ ಒಂದೊಂದು ಕಂದಪದ್ಯ ಹಾಡಿಸಿ ಶ್ರುತಿ ಹಿಡಿದರು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ದುರ್ಯೋಧನನಿಗೆ ಬಿಳಿ ನಾಲ್ಕು, ಎರಡನೇ ಕೃಷ್ಣನಿಗೆ ಕಪ್ಪು ಒಂದು, ಹೀಗೆ ಹಳೇ ನೋಟ್‌ಬುಕ್ಕಲ್ಲಿ ಬರೆದುಕೊಂಡರು. ನನ್ನ ಹತ್ತಿರ ಎರಡು ಸಲ ಹಾಡಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನೋಟ್‌ಬುಕ್ ಮುಚ್ಚಿ "ಆಯ್ತು, ನೋಡ್ಕೊಳನ ಬಿಡಪ್ಪ" ಅಂದರು. ಅದು ಹೊಗಳಿಕೆ ಅಂತ ನಾನು ಮೂರು ತಿಂಗಳು ನಂಬಿದ್ದೆ.

ಮೇಷ್ಟ್ರು ಅಭಿನಯ ಹೇಳಿಕೊಟ್ಟಿದ್ದು ನನಗೆ ನೆನಪಿಲ್ಲ. ಎಲ್ಲಿಂದ ಬರಬೇಕು, ಎಲ್ಲಿ ನಿಲ್ಲಬೇಕು, ಮೈಕಿಗೆ ಬೆನ್ನು ತಿರುಗಿಸಬಾರದು, ಗದೆ ಹಿಡಿದವನು ಪಕ್ಕದವನ ಕಿರೀಟ ನೋಡಿಕೊಂಡು ತಿರುಗಬೇಕು, ಇಷ್ಟೇ. ಒಂದು ಮಾತು ಮಾತ್ರ ದಿನಾ ಹೇಳುತ್ತಿದ್ದರು. "ಮಾತು ಮರೆತ್ರೆ ಬಾಯಿ ಮುಚ್ಕೊಂಡು ನಿಂತ್ಕೋಬೇಡ್ರಪ್ಪಾ. ನನ್ನ ಮಕ ನೋಡಿ."

ನಗರದ ನಾಟಕ ಬೇರೆ ಥರ. ಅಲ್ಲಿ ನಿರ್ದೇಶಕರ ಕೆಲಸವೆಲ್ಲ ಮೂರನೇ ಬೆಲ್ ಹೊಡೆಯುವ ತನಕ. ಅಲ್ಲಿಯವರೆಗೆ ಅವರು ರಾಜ. ನಟರ ಕಣ್ಣರೆಪ್ಪೆ ಎಷ್ಟು ಅಲುಗಬೇಕು ಅನ್ನುವುದನ್ನೂ ಅವರೇ ಹೇಳುತ್ತಾರೆ. ಬೆಲ್ ಆಯಿತೋ, ಅವರಷ್ಟು ಕೈ ಕಟ್ಟಿ ಹೋದ ಮನುಷ್ಯ ಇಡೀ ಥಿಯೇಟರಿನಲ್ಲಿ ಇನ್ನೊಬ್ಬನಿಲ್ಲ. ಪ್ರೇಕ್ಷಕನಾದರೂ ಕೆಮ್ಮಬಹುದು. ನನಗೆ ಗೊತ್ತಿರುವ ನಿರ್ದೇಶಕರೊಬ್ಬರು ತಮ್ಮ ನಾಟಕದ ಮೊದಲ ಪ್ರದರ್ಶನ ನೋಡುವುದೇ ಇಲ್ಲ, ಹೊರಗೆ ಕ್ಯಾಂಟೀನಿನ ಹತ್ತಿರ ಟೀ ಮೇಲೆ ಟೀ ಕುಡಿಯುತ್ತಾ ಒಳಗಿನಿಂದ ನಗು ಕೇಳಿಸಿತಾ ಅಂತ ಕಿವಿ ಕೊಟ್ಟು ನಿಂತಿರುತ್ತಾರೆ.

ನಮ್ಮ ಮೇಷ್ಟ್ರ ನಿರ್ದೇಶನ ಬೆಲ್ ಆದ ಮೇಲೆ ಶುರು. ಸ್ಟೇಜಿನ ಮುಂದೆ ಒಂದು ಪಕ್ಕಕ್ಕೆ, ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಇಟ್ಟುಕೊಂಡು, ಜನಕ್ಕೆ ಅರ್ಧ ಬೆನ್ನು ಹಾಕಿ ಕೂರುತ್ತಾರೆ. ಪಕ್ಕದಲ್ಲಿ ತಬಲದವರು. ರಾತ್ರಿ ಒಂಬತ್ತಕ್ಕೆ ಕೂತರೆ ಬೆಳಗಿನ ಜಾವದವರೆಗೆ ಅವರ ಕಣ್ಣು ಆಡುವವರ ಮುಖ ಬಿಟ್ಟು ಕದಲುವುದಿಲ್ಲ. ಕೈ ತನ್ನಷ್ಟಕ್ಕೆ ತಾನು ನುಡಿಸುತ್ತಿರುತ್ತದೆ.

ಇನ್ನು ಹೆಣ್ಣು ಪಾತ್ರದವರ ವಿಷಯ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ದ್ರೌಪದಿ, ಕುಂತಿ, ಉತ್ತರೆ ಮಾಡುವವರು ಊರಿನವರಲ್ಲ, ಇದನ್ನೇ ಕಸುಬು ಮಾಡಿಕೊಂಡ ಕಲಾವಿದೆಯರು. ನಾಟಕದ ದಿನ ಸಂಜೆ ಬಸ್ಸಿಳಿದು ಬರುತ್ತಾರೆ, ಟೀ ಕುಡಿದು ಮೇಕಪ್ಪಿಗೆ ಕೂರುತ್ತಾರೆ. ನಮ್ಮ ಮುಖವನ್ನು ಅವರು ನೋಡುವುದೇ ಸ್ಟೇಜಿನ ಮೇಲೆ. ನಾವು ಮೂರು ತಿಂಗಳು ಉರು ಹೊಡೆದಿರುತ್ತೇವೆ, ಅವರು ಇಪ್ಪತ್ತು ವರ್ಷದಿಂದ ದ್ರೌಪದಿ. ಇಡೀ ನಾಟಕ, ಎಲ್ಲರ ಮಾತೂ, ಬಾಯಿಪಾಠ. ಸೆರಗಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಾರಲ್ಲ, ಅದರಲ್ಲಿ ಅರ್ಧ ಅಳು, ಅರ್ಧ ದುಶ್ಶಾಸನನಿಗೆ ಮುಂದಿನ ಮಾತು ಹೇಳಿಕೊಡುವುದು.

ಆವತ್ತು ವಸ್ತ್ರಾಪಹರಣದ ಸೀನಿನಲ್ಲಿ ನಮ್ಮ ದುರ್ಯೋಧನನಿಗೆ ಮಾತು ಕೈಕೊಟ್ಟಿತು. ಎಲ್ಲರಿಗಿಂತ ಜಾಸ್ತಿ ದುಡ್ಡು ಕಟ್ಟಿದವನು. ಮುಂದಿನ ಸಾಲಿನಲ್ಲಿ ಹೆಂಡತಿಯ ತವರಿನವರೆಲ್ಲ ಕೂತಿದ್ದಾರೆ. ತೊಡೆ ತಟ್ಟಬೇಕು ಅನ್ನುವುದು ನೆನಪಿದೆ, ಯಾಕೆ ಅನ್ನುವುದು ಮರೆತಿದೆ. ಎರಡು ಸಲ ತಟ್ಟಿದ. ಮೇಷ್ಟ್ರು ಎರಡು ಸಲವೂ ಸ್ವರ ಕೊಟ್ಟರು. ಪ್ರಾಂಪ್ಟರ್ ಪುಟ ಹುಡುಕುತ್ತಿದ್ದ. ಮೂರನೇ ಸಲ ತಟ್ಟುವಾಗ ದ್ರೌಪದಿ ತಲೆ ಎತ್ತಿ, ಕೆಂಡದಂಥ ಕಣ್ಣು ಬಿಟ್ಟು, "ಎಲವೋ ಪಾಪಿ! ನಿನ್ನ ತೊಡೆಯ ಮೇಲೆ ಬಂದು ಕೂರು ಎಂದು ಹೇಳಲು ನಿನಗೆ ನಾಲಿಗೆಯಾದರೂ ಹೇಗೆ ಬಂತೋ!" ಅಂದರು. ಅವನು ಇನ್ನೂ ಹೇಳಿಯೇ ಇಲ್ಲ! ದುರ್ಯೋಧನ ಒಂದು ಗಳಿಗೆ ಅವರ ಮುಖ ನೋಡಿ, ಸಿಕ್ಕಿತು ದಾರಿ ಅಂತ, "ಹೌದು! ಬಾ! ಕೂರು!" ಅಂದ. ಮೇಷ್ಟ್ರು ಕೂಡಲೇ ಹಾಡಿನ ಮಟ್ಟು ಎತ್ತಿಕೊಂಡರು, ತಬಲ ಬಿತ್ತು, ಅವನು ಹಾಡಿಗೆ ಹಾರಿದ. ಜನ ಒನ್ಸ್ ಮೋರ್ ಅಂದರು. ಅದು ಹಾಡಿಗೋ ಮಾತಿಗೋ ಇವತ್ತಿಗೂ ಗೊತ್ತಾಗಿಲ್ಲ.

ಇದಾಗಿ ಕೆಲವು ತಿಂಗಳಿಗೆ ನನ್ನ ಅಕ್ಕನ ಮಗಳು "ಬಾ ಮಾವ, ಇಂಪ್ರಾವ್ ಶೋ ತೋರಿಸ್ತೀನಿ" ಅಂತ ಬೆಂಗಳೂರಿನಲ್ಲಿ ಒಂದು ಕೆಫೆಯ ಮಹಡಿಗೆ ಕರೆದುಕೊಂಡು ಹೋದಳು. ನಾಲ್ಕು ಜನ ಹುಡುಗ ಹುಡುಗಿಯರು, ಪಕ್ಕದಲ್ಲಿ ಕೀಬೋರ್ಡ್ ಹಿಡಿದು ಕೂತ ಒಬ್ಬ ಹುಡುಗ. ಸ್ಕ್ರಿಪ್ಟ್ ಇಲ್ಲ. ಜನ ಒಂದು ಪದ ಕೊಡಬೇಕು, ಅವರು ನಿಂತ ನಿಲುವಿನಲ್ಲಿ ಹಾಡು ಸಮೇತ ಒಂದು ನಾಟಕ ಮಾಡಬೇಕು. ಯಾರೋ "ಗ್ಯಾಸ್ ಸಿಲಿಂಡರ್" ಅಂದರು. ಸಿಲಿಂಡರಿಗೂ ಗಾರೆ ಕೆಲಸದವನಿಗೂ ಪ್ರೇಮ ಹುಟ್ಟಿ, ಅದು ಖಾಲಿಯಾಗುವ ತನಕ ಹದಿನೈದು ನಿಮಿಷ ನಡೆಯಿತು. ಚೆನ್ನಾಗಿತ್ತು, ನಿಜವಾಗಿ. ಆ ಹುಡುಗಿ ಹಾಡುತ್ತಾ ಹಾಡುತ್ತಾ "ರೆಗ್ಯುಲೇಟರ್" ಅನ್ನುವ ಪದಕ್ಕೆ ಪ್ರಾಸ ಸಿಗದೆ ನಿಂತಳು ನೋಡಿ, ಆಗ ನಾನು ನೋಡಿದ್ದು ಅವಳನ್ನಲ್ಲ, ಕೀಬೋರ್ಡಿನವನನ್ನು. ಅವನು ಅದೇ ಸಾಲನ್ನು ಇನ್ನೊಂದು ಸುತ್ತು ತಿರುಗಿಸಿ, ಸ್ವಲ್ಪ ಮೇಲಕ್ಕೆ ಎತ್ತಿ, ಉಳಿದ ಮೂವರ ಕಡೆ ತಲೆ ಆಡಿಸಿದ. ಅವರು ಕೋರಸ್ ಶುರು ಮಾಡಿದರು. ಅವಳು ಉಸಿರು ತಗೊಂಡಳು. ಅಯ್ಯೋ, ಇವನು ನಮ್ಮ ಮೇಷ್ಟ್ರಲ್ವಾ ಅಂತ ನನಗೆ ಜೋರಾಗಿ ನಗು ಬಂತು. ಪಕ್ಕದವರು ತಿರುಗಿ ನೋಡಿದರು, ಆ ಹೊತ್ತಿಗೆ ನಗುವಂಥದ್ದು ಏನೂ ಇರಲಿಲ್ಲ.

ಆಮೇಲೆ ಅಕ್ಕನ ಮಗಳು ವಿವರಿಸಿದಳು. 1959ರಲ್ಲಿ ಶಿಕಾಗೊದಲ್ಲಿ ಸೆಕೆಂಡ್ ಸಿಟಿ ಅಂತ ಒಂದು ತಂಡ ಶುರುವಾಯಿತಂತೆ, ಈ ಥರದ ಕಾಮಿಡಿಗೆ ಅದು ದೊಡ್ಡ ಮನೆಯಂತೆ. ಇದರಲ್ಲಿ ಒಂದು ನಿಯಮ ಇದೆ. ಎದುರಿನವನು ಏನೇ ಹೇಳಲಿ, ಇಲ್ಲ ಅನ್ನಬಾರದು. ಹೌದು ಅಂದು, ಅದರ ಮೇಲೆ ಇನ್ನೊಂದು ಸೇರಿಸಿ ಮುಂದೆ ಹೋಗಬೇಕು. "ಹೌದು! ಬಾ! ಕೂರು!" ಅಂದ ನಮ್ಮ ದುರ್ಯೋಧನ ಶಿಕಾಗೊ ನೋಡಿಲ್ಲ, ತುಮಕೂರು ಮಂಡಿ ದಾಟಿ ಆ ಕಡೆ ಹೋದವನಲ್ಲ.

ಆದರೆ ಈ "ಹೌದು" ಅನ್ನುವ ನಿಯಮ ಎಲ್ಲ ಕಡೆ ನಡೆಯುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಯಕ್ಷಗಾನದ್ದೇ ಇನ್ನೊಂದು ರೂಪವಾದ ಕರಾವಳಿಯ ತಾಳಮದ್ದಲೆ ನೋಡಿ. ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಶಾಲು ಹೊದ್ದು ಕೂತು ಬರೀ ಮಾತಲ್ಲೇ ಪಾತ್ರ ಮಾಡುವ ಅರ್ಥಧಾರಿಗಳು. ಪದ್ಯ ಮಾತ್ರ ಪ್ರಸಂಗದಲ್ಲಿ ಇರುವುದು, ಮಾತೆಲ್ಲ ಅಲ್ಲೇ ಹುಟ್ಟಬೇಕು. ಅಲ್ಲಿ ಮಜಾ ಇರುವುದೇ "ಇಲ್ಲ" ಅನ್ನುವುದರಲ್ಲಿ. ವಾಲಿ ಕೇಳುತ್ತಾನೆ, ರಾಮ ಒಪ್ಪುವುದಿಲ್ಲ. ರಾಮ ಹೇಳುತ್ತಾನೆ, ವಾಲಿ ಬಾಣ ನೆಟ್ಟ ಎದೆಯಲ್ಲೇ ಮುಕ್ಕಾಲು ಗಂಟೆ ವಾದ ಮಾಡುತ್ತಾನೆ. ಇಬ್ಬರೂ ಪಟ್ಟು ಬಿಡದಿದ್ದರೆ ಕಥೆ ಮುಂದೆ ಹೋಗುವುದು ಹೇಗೆ? ಅದಕ್ಕೆ ಪದ್ಯ ಹಾಡುವ ಭಾಗವತರಿದ್ದಾರೆ. ಸಾಕು ಅನ್ನಿಸಿದ ಕಡೆ ಜಾಗಟೆ ತಟ್ಟಿ ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಅಲ್ಲಿಗೆ ವಾಲಿ ಎಂಥ ಪಂಡಿತನಾದರೂ ಸಾಯಲೇಬೇಕು. ಯಕ್ಷಗಾನದಲ್ಲಿ ಭಾಗವತರನ್ನು ಮೊದಲನೇ ವೇಷಧಾರಿ ಅನ್ನುತ್ತಾರೆ. ಹಾಸ್ಯಗಾರನಂತೂ ದೂತನಾಗಿಯೋ ಮುದುಕಿಯಾಗಿಯೋ ಬಂದು ಅವರ ಹತ್ತಿರವೇ ಮಾತಿಗೆ ನಿಂತುಬಿಡುತ್ತಾನೆ. ಅವರೂ ತಾಳ ಹಿಡಿದುಕೊಂಡೇ ಉತ್ತರ ಕೊಡುತ್ತಾರೆ. ಅಲ್ಲಿಯೂ ಆಟ ನಡೆಸುವವರು ಕೂರುವುದು ಆಟದ ಒಳಗೇ.

ಮಾಸ್ಟರ್ ಹಿರಣ್ಣಯ್ಯನವರು ಇದಕ್ಕೆಲ್ಲ ಹೊರತು. ಅವರಿಗೆ ಕೈ ಹಿಡಿದು ದಾಟಿಸುವವರೇ ಬೇಕಿರಲಿಲ್ಲ. ಒಂದೇ ಲಂಚಾವತಾರವನ್ನು ಸಾವಿರಾರು ಸಲ ಆಡಿದರು, ಆದರೆ ನಿನ್ನೆಯ ಮಾತು ಇವತ್ತು ಇರುತ್ತಿರಲಿಲ್ಲ. ಬೆಳಗಿನ ಪೇಪರಿನಲ್ಲಿ ಬಂದ ಮಂತ್ರಿ ಸಂಜೆ ನಾಟಕದಲ್ಲಿ ಸಿಕ್ಕಿಬೀಳುತ್ತಿದ್ದ. ನಮ್ಮ ತಂದೆ ಅದೇ ನಾಟಕವನ್ನು ನಾಲ್ಕು ಸಲ ನೋಡಿದ್ದರು, ನಾಲ್ಕು ಬೇರೆ ಬೇರೆ ನಾಟಕ ಅನ್ನುತ್ತಿದ್ದರು. ಆದರೆ ಹಿರಣ್ಣಯ್ಯನವರಂಥವರು ಊರಿಗೊಬ್ಬರು ಹುಟ್ಟುವುದಿಲ್ಲ. ಊರಿಗೊಬ್ಬರು ಹುಟ್ಟುವುದು ನನ್ನಂಥ ವಿದುರರು, ಅದಕ್ಕೇ ಮೇಷ್ಟ್ರು ಬೇಕು.

ಕಂಪನಿ ನಾಟಕದ ಕಾಲದ ಗತ್ತೇ ಬೇರೆ, ಬಿಡಿ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ವೀರಣ್ಣನವರು ಕುರುಕ್ಷೇತ್ರ ಮಾಡಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದಿದ್ದರು. ನಮ್ಮದು ಸೀನರಿಯವರ ರಟ್ಟಿನ ರಥ, ಅರ್ಜುನ ಹತ್ತಿದ ಕೂಡಲೇ ಒಂದು ಗಾಲಿ ಮಲಗಿತು. ಅದೇ ಗುಬ್ಬಿ ಕಂಪನಿಗೆ ಹುಡುಗನಾಗಿ ಸೇರಿಕೊಂಡವರು ಬಿ.ವಿ. ಕಾರಂತರು. ಮುಂದೆ ಅಷ್ಟು ದೊಡ್ಡ ನಿರ್ದೇಶಕರಾದ ಮೇಲೂ ಸಂಗೀತವನ್ನು ಬೇರೆಯವರ ಕೈಗೆ ಬಿಟ್ಟು ತಾವು ಬರೀ ನಿರ್ದೇಶನ ಅಂತ ಕೂತವರಲ್ಲ ಅವರು. ಆ "ಹಾಗೂ" ಅವರಿಗೂ ಇತ್ತು ಅಂತ ನಾನು ಲೆಕ್ಕ ಹಾಕಿಕೊಂಡಿದ್ದೇನೆ.

ಸರಿ, ನನ್ನ ಕಥೆಗೆ ಬರುತ್ತೇನೆ, ತಪ್ಪಿಸಿಕೊಳ್ಳೋಣ ಅಂತಲೇ ಇಷ್ಟು ಸುತ್ತು ಹಾಕಿದ್ದು.

ನನ್ನ ಸೀನು ಬರುವ ಹೊತ್ತಿಗೆ ರಾತ್ರಿ ಎರಡು ದಾಟಿತ್ತು. ನಡುವೆ ಮುಯ್ಯಿ. ಯುದ್ಧವೋ ಸಂಧಾನವೋ ಯಾವುದೇ ಇರಲಿ, ನೆಂಟರು ಬಂದು ನೋಟಿನ ಹಾರ ಹಾಕುವ ತನಕ ಮಹಾಭಾರತ ನಿಂತಿರಬೇಕು, ಯಾರು ಯಾರಿಗೆ ಎಷ್ಟು ಹಾಕಿದರು ಅಂತ ಮೈಕಲ್ಲಿ ಕೂಗಬೇಕು. ಅದೆಲ್ಲ ಮುಗಿದು ಪರದೆ ಎದ್ದಾಗ ನಾನು ಗಡ್ಡದ ನವೆ ತಡೆಯುತ್ತಾ ನಿಂತಿದ್ದೆ. ಕೃಷ್ಣ ಬಂದ. ಎರಡನೇ ಕೃಷ್ಣ. ಅವನನ್ನು ಕಂಡು ಭಕ್ತಿಯಿಂದ ಹಾಡಬೇಕು. ನಾನು ಭಯದಿಂದ ಹಾಡಿದೆ. ಭಯಕ್ಕೆ ಶ್ರುತಿ ಜಾಸ್ತಿ. ಪ್ರಾಕ್ಟೀಸಿನಲ್ಲಿ ಎಲ್ಲಿ ಹಾಡುತ್ತಿದ್ದೆನೋ ಅದಕ್ಕಿಂತ ಎಲ್ಲೋ ಮೇಲೆ ಹೋಗಿ ಕೂತೆ. ಹಾರ್ಮೋನಿಯಂ ಒಂದು ಸಲ ತಡವರಿಸಿದ ಹಾಗಾಯಿತು, ಆಮೇಲೆ ನಾನಿದ್ದಲ್ಲಿಗೇ ಹತ್ತಿ ಬಂತು. ಅದನ್ನು ಕೇಳಿ ನಾನು ತಪ್ಪಿದ್ದೀನಿ ಅಂತ ಗೊತ್ತಾಗಿ ಕೆಳಗಿಳಿದೆ. ಅದೂ ಇಳಿದು ಬಂತು. ಅಷ್ಟರಲ್ಲಿ ನಾನು ಇನ್ನೆಲ್ಲೋ ಇದ್ದೆ. ಚರಣಕ್ಕೆ ಬರುವಾಗ ಪದಗಳೂ ಬಿಟ್ಟು ಹೋದವು. ಮೇಷ್ಟ್ರ ಮುಖ ನೋಡಿದೆ. ಅವರು ಗಾಬರಿಯಾಗಲಿಲ್ಲ, ಕಣ್ಣಲ್ಲೇ ಕೃಷ್ಣನ ಕಾಲು ತೋರಿಸಿದರು. ಬಿದ್ದೆ. ವಿದುರ ಕೃಷ್ಣನ ಕಾಲಿಗೆ ಬಿದ್ದು ಭಾವಪರವಶನಾಗಿ ಮಾತೇ ಹೊರಡದೆ ಮಲಗಿದ್ದಾನೆ, ಹಿಂದೆ ಹಾರ್ಮೋನಿಯಂ ಉದ್ದಕ್ಕೂ ಅಳುತ್ತಿದೆ, ತಬಲ ನಿಧಾನಕ್ಕೆ ಮುಕ್ತಾಯ ಕೊಡುತ್ತಿದೆ. ಮುಂದೆ ಕೂತಿದ್ದ ಅಜ್ಜಿಯರು ಕಣ್ಣೊರೆಸಿಕೊಂಡರಂತೆ. ನಮ್ಮ ಚಿಕ್ಕಮ್ಮ ಇನ್ನೂರು ರೂಪಾಯಿ ಮುಯ್ಯಿ ಹಾಕಿದರು.

ಬೆಳಗ್ಗೆ ಬಣ್ಣ ತೊಳೆದುಕೊಂಡು ಬಂದಾಗ ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ, ಅದರ ಮೇಲೆ ಟೀ ಲೋಟ ಇಟ್ಟುಕೊಂಡು ಕೂತಿದ್ದರು. ಸಂಜೆಗೆ ಇನ್ನೊಂದು ಊರಲ್ಲಿ ನಾಟಕ, ಗಾಡಿಗೆ ಕಾಯುತ್ತಿದ್ದರು. ನಾನು ಹೋಗಿ ಪಕ್ಕ ನಿಂತೆ. ಕೇಳಬಾರದಿತ್ತು, ಕೇಳಿದೆ. "ನನ್ ಹಾಡು ಹೆಂಗಿತ್ತು ಮೇಷ್ಟ್ರೇ?"

ಅವರು ಒಂದು ಗುಟುಕು ಟೀ ಕುಡಿದು, "ಚೆನ್ನಾಗಿತ್ತು ಕಣಪ್ಪ" ಅಂದರು. "ಮೂರು ಶ್ರುತಿಲೂ ಚೆನ್ನಾಗಿತ್ತು."