ಟ್ಯಾಂಕ್ ಖಾಲಿ ಇದ್ದಷ್ಟೂ ಲಾಭ

ಮೊನ್ನೆ ಭಾನುವಾರ ಹತ್ತೂವರೆ ಬಿಸಿಲಲ್ಲಿ ನಾನು ಕಾಳಿ ಸೇತುವೆಯ ನಟ್ಟನಡುವೆ ಸ್ಕೂಟರ್ ತಳ್ಳುತ್ತಿದ್ದೆ. ಭುಜ ಇನ್ನೂ ನೋಯ್ತಿದೆ. ಹಾಗಾಗಿ ಯಜಮಾನರ ಬಗ್ಗೆ ಇಲ್ಲಿ ಸ್ವಲ್ಪ ಖಾರ ಜಾಸ್ತಿ ಆಗಿದ್ದರೆ ಅದು ಬರೆಯುವ ಕೈಯದ್ದಲ್ಲ, ತಳ್ಳಿದ ಭುಜದ್ದು.

ಸ್ಕೂಟರ್ ಕೆಟ್ಟಿರಲಿಲ್ಲ. ಪೆಟ್ರೋಲ್ ಮುಗಿದಿತ್ತು. ಮರೆತು ಮುಗಿದದ್ದೂ ಅಲ್ಲ, ಲೆಕ್ಕ ಹಾಕಿ ಮುಗಿಸಿದ್ದು.

ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಲೀಟರಿಗೆ ನೂರರ ಮೇಲೆ. ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಕಳೆದು ಗೋವಾದ ಪೋಳೆಂ ಮುಟ್ಟಿದರೆ ಆರೇಳು ರೂಪಾಯಿ ಕಡಿಮೆ. ಪೆಟ್ರೋಲ್ ಅದೇ, ತೆರಿಗೆ ಬೇರೆ ಅಷ್ಟೇ. 2012ರ ಏಪ್ರಿಲ್‌ನಲ್ಲಿ ಗೋವಾದ ಆಗಿನ ಮುಖ್ಯಮಂತ್ರಿ ಮನೋಹರ ಪರೀಕ್ಕರ್ ಪೆಟ್ರೋಲ್ ಮೇಲಿನ ವ್ಯಾಟನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಹಾಕಿದರು. ಒಂದೇ ಏಟಿಗೆ ಲೀಟರಿಗೆ 11 ರೂಪಾಯಿ ಇಳಿಯಿತು. ಗೋವಾದವರು ಖುಷಿಪಟ್ಟು ಸುಮ್ಮನಾದರು. ನಮ್ಮ ಮನೆಯಲ್ಲಿ ಒಬ್ಬರಿಗೆ ಹುಚ್ಚು ಹಿಡಿಯಿತು. ಆಮೇಲೆ ಅಲ್ಲೂ ತೆರಿಗೆ ಏರಿತು, ಹುಚ್ಚು ಮಾತ್ರ ಇಳಿಯಲಿಲ್ಲ. 2024ರ ಜೂನ್‌ನಲ್ಲಿ ನಮ್ಮ ರಾಜ್ಯದಲ್ಲಿ ಪೆಟ್ರೋಲ್ 3 ರೂಪಾಯಿ ಜಾಸ್ತಿ ಆದಾಗ ಊರೆಲ್ಲ ಬೈಯುತ್ತಿತ್ತು. ಇವರು ಮಾತ್ರ ಪೇಪರ್ ಮಡಚಿಟ್ಟು, "ನೋಡಿದ್ಯಾ, ಪೋಳೆಂಗೆ ಹೋದ್ರೆ ಈಗ ಇನ್ನೂ ಲಾಭ" ಅಂದರು.

ಇವರ ಸಿದ್ಧಾಂತ ಇಷ್ಟೇ. ಅರ್ಧ ಟ್ಯಾಂಕ್ ಇರುವಾಗ ಹೋದರೆ ಅರ್ಧವೇ ಹಿಡಿಯುತ್ತದೆ, ಲಾಭವೂ ಅರ್ಧ. ಆದ್ದರಿಂದ ಟ್ಯಾಂಕ್ ಖಾಲಿ ಇದ್ದಷ್ಟೂ ಲಾಭ. ಗುರುವಾರದಿಂದಲೇ ತಯಾರಿ ಶುರು. ಗುಡಿಯಲ್ಲಿ ಪ್ರಸಾದ ಕೇಳಿ, ದೇವರ ಬಲಗಡೆಯ ಹೂ ಯಾವಾಗ ಬೀಳುತ್ತದೋ ಅಂತ ಕಾಯುವವರ ಹಾಗೆ ಸ್ಕೂಟರಿನ ಮುಳ್ಳು ನೋಡುತ್ತಾ ನಿಲ್ಲುತ್ತಾರೆ. ಮುಳ್ಳು ಬೇಗ ಇಳಿಯುತ್ತಿದೆ ಅನಿಸಿದರೆ ನನಗೆ ಮೀನು ಪೇಟೆಗೆ ನಡಿಗೆ. "ಆರೋಗ್ಯಕ್ಕೂ ಒಳ್ಳೇದು ಮಾರಾಯ್ತಿ." ಇಳಿಯುತ್ತಿಲ್ಲ ಅನಿಸಿದರೆ ತಾವೇ ಕೋಡಿಬಾಗದವರೆಗೆ ಒಂದು ಸುತ್ತು ಹೊಡೆದು ಬರುತ್ತಾರೆ. ಖಾಲಿ ಮಾಡಲಿಕ್ಕೆ! ಪಂಪಿನಲ್ಲಿ ಟ್ಯಾಂಕ್ ತುಂಬಿ ಪೈಪು ಟಕ್ ಅಂತ ನಿಂತ ಮೇಲೂ ಬಿಡುವುದಿಲ್ಲ. ಊಟ ಬೇಡ ಅನ್ನುವ ಮಗುವಿಗೆ ಕೊನೆಯ ತುತ್ತು ಇಳಿಸುವ ಹಾಗೆ ಸ್ಕೂಟರನ್ನು ಆಚೆ ಈಚೆ ಅಲ್ಲಾಡಿಸುತ್ತಾರೆ. "ಇನ್ನೊಂಚೂರು ಹಿಡೀತದೆ, ಹಾಕು ತಮ್ಮಾ." ನಾನು ಆಗೆಲ್ಲ ಗಾಳಿ ಹೊಡೆಯುವ ಮಷೀನಿನ ಪಕ್ಕ ಹೋಗಿ ನಿಂತು, ಬೇರೆ ಯಾರದೋ ಜೊತೆ ಬಂದವಳ ಹಾಗೆ ಸಮುದ್ರದ ಕಡೆ ನೋಡುತ್ತೇನೆ.

ಮೊನ್ನೆ ಸಂತೆಗೆ ಹೋಗೋಣ ಅಂದಿದ್ದೆ. ಮುಳ್ಳು ತಳ ಮುಟ್ಟಿದೆ, ಇವತ್ತೇ ಪೋಳೆಂ ಅಂದರು. ಸೇತುವೆಯ ಅರ್ಧಕ್ಕೆ ಬಂದಾಗ ಸ್ಕೂಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹಳೆ ಸೇತುವೆ 2024ರ ಆಗಸ್ಟ್ 6ರ ಮಧ್ಯರಾತ್ರಿ ಕಳೆದ ಮೇಲೆ ನದಿಗೆ ಕುಸಿದು ಬಿದ್ದಿತ್ತಲ್ಲ, ಆಮೇಲೆ ಹೋಗುವವರಿಗೂ ಬರುವವರಿಗೂ ಒಂದೇ ಸೇತುವೆ. ಹಿಂದೆ ಲಾರಿ, ಮುಂದೆ ಬಸ್ಸು, ನಡುವೆ ನಾವು. ಇವರು ಹ್ಯಾಂಡಲ್ ಹಿಡಿದರು, ನಾನು ಹಿಂದಿನಿಂದ ತಳ್ಳಿದೆ. ಕಾರವಾರ ಸಣ್ಣ ಊರು. ಭಾನುವಾರ ಸಂತೆಗೆ ಬರುವವರೆಲ್ಲ ಗುರುತಿನವರೇ.

"ಎಂತ ಆಯ್ತು? ಪಂಕ್ಚರಾ?"

"ಪ್ಲಗ್ಗಿಂದು ಸ್ವಲ್ಪ ಪ್ರಾಬ್ಲಮ್ಮು."

ಹೀಗೆ ಇಬ್ಬರಿಗೆ ಹೇಳಿ ಸಾಗಹಾಕಿದರು. ಮೂರನೆಯವರು ಇವರ ಜೊತೆ ಕೆಲಸ ಮಾಡಿದವರು. ಬೈಕ್ ನಿಧಾನ ಮಾಡಿ, ಇವರ ಮುಖ ನೋಡಿ, ಹಿಂದೆ ಬೆವರುತ್ತಿದ್ದ ನನ್ನನ್ನು ನೋಡಿ, ಒಂದೇ ಮಾತು ಕೇಳಿದರು. "ಪೋಳೆಂಗಾ?" ಅಷ್ಟು ಕೇಳಿ ನಗುತ್ತಾ ಹೋದರು. ಕೆಳಗೆ ಹರಿಯುವ ಕಾಳಿಗೆ ಇಳಿದುಬಿಡೋಣ ಅನಿಸಿತು.

ಸೇತುವೆಯಾಚೆ ಒಬ್ಬರು ನೀರಿನ ಬಾಟಲಿಯಲ್ಲಿ ಅರ್ಧ ಲೀಟರ್ ಕೊಟ್ಟರು. 75 ರೂಪಾಯಿ. ನಮ್ಮ ಜನ್ಮದಲ್ಲಿ ಕೊಂಡ ಅತಿ ದುಬಾರಿ ಪೆಟ್ರೋಲ್ ಅದು. ಇನ್ನು ಮನೆಗೆ ತಿರುಗುತ್ತಾರೆ ಅಂದುಕೊಂಡೆ. "ಇಷ್ಟು ದೂರ ಬಂದಾಯ್ತಲ್ಲ" ಅಂತ ಪೋಳೆಂಗೇ ಹೊಡೆದರು.

ಹಿಂದೆ ಕೂತು ಲೆಕ್ಕ ಹಾಕಿದೆ. ಐದು ಲೀಟರಿಗೆ ಏಳೇಳು ಅಂದರೂ ಉಳಿಯುವುದು 35 ರೂಪಾಯಿ. ಹೋಗಿ ಬರಲು 30 ಕಿಲೋಮೀಟರ್, ಅದಕ್ಕೆ 60 ರೂಪಾಯಿಯ ಪೆಟ್ರೋಲ್. ದಾರಿಯಲ್ಲಿ ಬನ್ಸು, ಚಹಾ 80. ಬಾಟಲಿಯದ್ದನ್ನು ಹೇಳುವುದೇ ಬೇಡ. ಇಷ್ಟನ್ನೂ ಅವರ ಕಿವಿಗೆ ಹಾಕಿದರೆ ಏನಂದರು ಗೊತ್ತಾ? "ಹೋಗಿ ಬರೋ ಖರ್ಚು ಲೆಕ್ಕಕ್ಕೆ ಬರೋದಿಲ್ಲ. ಅದು ಹೇಗೂ ಗೋವಾ ಪೆಟ್ರೋಲಲ್ಲೇ ಹೋಗೋದಲ್ವಾ?"

ವಾಪಸ್ ಬರುವಾಗ ಗಡಿಯಲ್ಲಿ ಡಿಕ್ಕಿ ತೆಗೆಸಿದರು. ಸಿಕ್ಕಿದ್ದು ಆ ಖಾಲಿ ಬಾಟಲಿ. ತಪಾಸಣೆಯವನು ಮುಚ್ಚಳ ತೆಗೆದು ಮೂಸಿ ಮುಖ ಹಿಂಡಿದ. ಗೋವಾದಿಂದ ಖಾಲಿ ಬಾಟಲಿ ತರುವವರನ್ನು ಅವನು ಅದೇ ಮೊದಲು ನೋಡಿದ್ದಿರಬೇಕು.

ಇವರು ಮೊದಲು ಹೀಗಿರಲಿಲ್ಲ. 1999ರಲ್ಲಿ ನಮ್ಮ ಮದುವೆಯಾದಾಗ ಪೆಟ್ರೋಲ್ ಮೂವತ್ತರೊಳಗೆ. ನೂರರ ನೋಟು ಕೊಟ್ಟು ಮೂರು ಲೀಟರ್ ಹಾಕಿಸಿದರೆ ಚಿಲ್ಲರೆ ವಾಪಸ್ ಬರುತ್ತಿತ್ತು. ಆಗಿದ್ದದ್ದು ಬಜಾಜ್ ಚೇತಕ್. ಅದಕ್ಕೆ ನೋಡುತ್ತಾ ಕೂರಲು ಮುಳ್ಳೇ ಇರಲಿಲ್ಲ. ನಿಂತರೆ ರಿಸರ್ವ್ ತಿರುಗಿಸು, ಒಂದು ಬದಿಗೆ ಬಗ್ಗಿಸು, ಕಿಕ್ ಹೊಡಿ, ಹೊರಡು. ಬೆಲೆ ಏರುವುದಿದ್ದರೆ ಮಧ್ಯರಾತ್ರಿಯಿಂದ ಅಂತ ವಾರ್ತೆಯಲ್ಲಿ ಹೇಳುತ್ತಿದ್ದರು. ಒಂದೆರಡು ರೂಪಾಯಿ ಉಳಿಸಲು ಊರೇ ಪಂಪಿಗೆ ಓಡುತ್ತಿತ್ತು. ಇವರು ಮಾತ್ರ, "ಅಷ್ಟಕ್ಕೆ ಯಾರು ಸಾಲಲ್ಲಿ ನಿಲ್ತಾರೆ?" ಅನ್ನುತ್ತಿದ್ದರು. ನಿಜವಾಗಿಯೂ ಇವರೇ ಅಂದದ್ದು!

ಸಂಜೆ ಆಫೀಸಿಂದ ಬಂದವರೇ ಸ್ಕೂಟರ್ ಇಳಿಯದೆ ಹಾರನ್ ಬಾರಿಸುತ್ತಿದ್ದರು. ಎಲ್ಲಿಗೆ ಅಂದರೆ "ಸುಮ್ನೆ". ಬಿಣಗಾ ದಾಟಿ, ಅಂಕೋಲೆ ಮುಟ್ಟಿ, ಪಂಪಿನ ಚಿಲ್ಲರೆಯಲ್ಲಿ ಒಂದೊಂದು ಲಿಂಬು ಸೋಡಾ ಕುಡಿದು ಕತ್ತಲಲ್ಲಿ ವಾಪಸ್. ಅಂಕೋಲೆಯಲ್ಲಿ ನಮಗೆ ಏನೂ ಕೆಲಸ ಇರಲಿಲ್ಲ. ಆ ಸೋಡಾ ಕಾರವಾರದಲ್ಲೂ ಸಿಗುತ್ತಿತ್ತು.

ನಿನ್ನೆ ಸಂಜೆ ಇದೆಲ್ಲ ನೆನಪಾಗಿ, ಟ್ಯಾಂಕ್ ಹೇಗೂ ಫುಲ್ ಇದೆಯಲ್ಲ ಅಂತ, "ರೀ, ಅಂಕೋಲೆಗೆ ಹೋಗಿ ಸೋಡಾ ಕುಡಿದು ಬರೋಣ್ವಾ?" ಅಂದೆ.

ಪೇಪರ್ ಕೆಳಗಿಟ್ಟು ನನ್ನನ್ನೇ ನೋಡಿದರು. "ಗೋವಾ ಪೆಟ್ರೋಲ್ ಕಣೇ. ಸುಮ್ನೆ ಸುತ್ತೋಕೆ ತಂದದ್ದಾ?"